ಮೊಹರಿಗೆ ಕಾದ ಟಿಬೆಟಿನ ಅಜ್ಜ

ದಂಡು ಸ್ಟೇಷನ್ನಿಗೆ ಮದರಾಸಿನ ರೈಲು ಬರುವುದಕ್ಕೆ ಇನ್ನೂ ಹೊತ್ತಿತ್ತು. ಶಿವಾಜಿನಗರದ ಪೊಲೀಸ್ ಕಚೇರಿಯಲ್ಲಿ ಗುಮಾಸ್ತನಾಗಿರುವ ಗೆಳೆಯನ ಪಕ್ಕ ಹೋಗಿ ಕೂತೆ. ಸಾಹೇಬರ ಮೇಜಿನೆದುರು ಟಿಬೆಟಿನ ಅಜ್ಜನೊಬ್ಬ ಮಗಳ ಜೊತೆ ನಿಂತಿದ್ದ. ಮಗಳು ಬೈಲುಕುಪ್ಪೆಯ ಶಿಬಿರದಲ್ಲಿ ಆಗಲೇ ನೆಲೆಸಿದವಳು. ಪರವಾನಗಿಗೆ ಮೊಹರು ಬಿದ್ದರೆ ಅಪ್ಪನೂ ಅಲ್ಲಿರಬಹುದು; ಬೀಳದಿದ್ದರೆ ಮತ್ತೆ ಅಲೆದಾಟ.

ಸಾಹೇಬರು ತಲೆಯೆತ್ತಿದರು. ಅಜ್ಜ ಟೋಪಿ ತೆಗೆದು, ಬಾಗಿ, ಉದ್ದಕ್ಕೆ ನಾಲಿಗೆ ಚಾಚಿದ.

"ಏನ್ರೀ ಇದು, ಈ ಮುದುಕ ನನ್ನನ್ನೇ ಅಣಕಿಸ್ತಾನಲ್ರೀ! ಆಚೆ ಕಳ್ಸಿ!" ಎತ್ತಿದ್ದ ಮೊಹರನ್ನು ಸಾಹೇಬರು ಪಕ್ಕಕ್ಕಿಟ್ಟರು.

"ಅಣಕ ಅಲ್ಲ ಸಾರ್. ನಮ್ ಕಡೆ ದೊಡ್ಡೋರಿಗೆ ನಮಸ್ಕಾರ ಮಾಡೋದೇ ಹಿಂಗೆ," ಎಂದಳು ಮಗಳು, ಮೈಸೂರು ಸೀಮೆಯ ಅಚ್ಚ ಕನ್ನಡದಲ್ಲಿ.

ಸಾಹೇಬರಿಗೆ ನಾಚಿಕೆಯಾಯಿತು. ತಪ್ಪು ಮಾಡಿದಾಗ ನಾವೆಲ್ಲ ಮಾಡುವ ಹಾಗೆ ನಾಲಿಗೆ ಹೊರಗೆ ಹಾಕಿ ಕಚ್ಚಿಕೊಂಡರು. ಅಜ್ಜನ ಮುಖ ಅರಳಿತು. ಇಷ್ಟು ದೊಡ್ಡ ಅಧಿಕಾರಿ ತನಗೆ ಪ್ರತಿನಮಸ್ಕಾರ ಮಾಡಿದರೆಂದೇ ತಿಳಿದು, ಮೊದಲಿಗಿಂತ ಉದ್ದಕ್ಕೆ ಚಾಚಿದ.

ಇಡೀ ಕಚೇರಿ ಗೊಳ್ಳೆಂದು ನಕ್ಕಿತು. ಆ ನಗುವಿನ ನಡುವೆಯೇ ಮೊಹರು ಧಡ್ಡೆಂದು ಬಿತ್ತು. "ಕರ್ಕೊಂಡ್ ಹೋಗಮ್ಮ ನಿಮ್ಮಪ್ಪನ್ನ."

ಬಾಗಿಲ ಹತ್ತಿರ ಅಜ್ಜ ತಿರುಗಿ ನೋಡಿದ. ಈ ಸಲ ಸಾಹೇಬರೇ ಮೊದಲು ಎದ್ದು ನಿಂತು, ಟೋಪಿ ತೆಗೆದು, ನಾಲಿಗೆ ಚಾಚಿದರು.