ದಾರ ಕಟ್ಟಿದ ನಾಣ್ಯ

ಮೊಮ್ಮಗಳಿಗೆ ಮೊದಲ ಹಲ್ಲು ಬಂದಿದೆ! ಬೆಳಗ್ಗೆಯಿಂದ ಗುರುತಿನವರಿಗೆಲ್ಲ ಫೋನು ಮಾಡಿ ಹೇಳಿದ್ದೇ ಹೇಳಿದ್ದು. ಅವಳನ್ನು ಹೊರಗೆ ಕರೆದೊಯ್ಯೋಣವೆಂದು ಹಳೆಯ ಕೋಟು ತೆಗೆದರೆ, ಜೇಬಿನಲ್ಲಿ ದಾರ ಕಟ್ಟಿದ ನಾಣ್ಯವೊಂದು ಸಿಕ್ಕಿತು. ಅಂಚಿನಲ್ಲಿ ಇನ್ನೂ ಬೂದು ಪುಡಿ... ಲಾಟರಿ ಚೀಟಿ ಕೆರೆದ ಪುಡಿ.

ಅದು ಅಂಗಡಿಯಣ್ಣನದು. ಶಿಕಾಗೋ ಹೊರವಲಯದಲ್ಲಿ, ಮಗನ ಮನೆಯಿಂದ ಅರ್ಧ ಮೈಲಿ ದೂರ, ಬಸ್‌ಸ್ಟಾಪಿನ ಎದುರಿಗೆ ಅವನ ಅಂಗಡಿ. ಹುಬ್ಬಳ್ಳಿ ಕಡೆಯವನು. ನಾನು ಓದಿದ್ದು ಮೂರನೇ ಕ್ಲಾಸು. ಡ್ರೈವಿಂಗೂ ಬಾರದು, ಇಂಗ್ಲಿಷೂ ಬಾರದು. ಕನ್ನಡ ಕೇಳುವ ಆಸೆಗೆ ಹಾಲಿನ ನೆಪ ಮಾಡಿಕೊಂಡು ಹೋಗುತ್ತಿದ್ದೆ.

ಲಾಟರಿ ಸರ್ಕಾರದ್ದಾದರೂ ಅಂಗಡಿಯಲ್ಲಿ ಕಾನೂನು ಅವನದೇ. ನನಗಾಗಲಿ ಬೇರೆ ಯಾರಿಗಾಗಲಿ ದಿನಕ್ಕೆ ಒಂದೇ ಚೀಟಿ. ಚೀಟಿಯ ಮೇಲಿನ ಬೂದು ಲೇಪ ಕೆರೆದು ಬಹುಮಾನ ನೋಡಲು ಕೌಂಟರಿಗೆ ಕಟ್ಟಿದ್ದ ಈ ನಾಣ್ಯ. ಕೆರೆದಾಯಿತೋ, ದಾರ ಎಳೆದುಕೊಂಡುಬಿಡುತ್ತಿದ್ದ.

"ಇವತ್ತಿಗೆ ಸಾಕ್ರಿ ಅವ್ವಾರ. ಲಕ್ಷ್ಮಿಗೂ ನಿದ್ದಿ ಬ್ಯಾಡೇನ್ರಿ?"

ಶಾಲೆಯೊಂದರಲ್ಲಿ ಕಸ ಗುಡಿಸುವ ಮುದುಕನೊಬ್ಬ ದಿನವೂ ಬರುತ್ತಿದ್ದ. ಇನ್ನೊಂದು ಚೀಟಿ ಕೇಳಿದರೆ ಅಂಗಡಿಯಣ್ಣ ಅವನ ಕೈಗೆ ಬ್ರೆಡ್ಡು ಕೊಟ್ಟು ಕಳಿಸುತ್ತಿದ್ದ.

ಆಮೇಲೆ ಸರ್ಕಾರ ಲಾಟರಿ ನಡೆಸುವುದನ್ನು ಖಾಸಗಿ ಕಂಪನಿಗೆ ವಹಿಸಿತು. ಕಂಪನಿಯವನು ಬಂದು ಹೆಚ್ಚು ಮಾರಬೇಕೆಂದ. ಬಾಗಿಲ ಪಕ್ಕ ಆಳೆತ್ತರದ ಮಷಿನ್ನು ತಂದು ನಿಲ್ಲಿಸಿದರು. ದುಡ್ಡು ತೂರಿಸಿ ಚಿತ್ರ ಒತ್ತಿದರೆ ಚೀಟಿ, ಎಷ್ಟು ಬೇಕಾದರೂ.

ಇಂಗ್ಲಿಷ್ ಓದಲು ಬಾರದ ನಾನು ಅದನ್ನು ಒಬ್ಬಳೇ ಕಲಿತೆ! ಹಿಗ್ಗಿ ಕೂಗಿದೆ: "ನೋಡಪ್ಪ, ಇನ್ಮೇಲೆ ನಿನ್ನ ಹಂಗಿಲ್ಲ ನಂಗೆ!" ಪಕ್ಕದಲ್ಲಿ ಮಿಕಮಿಕ ನೋಡುತ್ತ ನಿಂತಿದ್ದ ಮುದುಕನ ಕೈ ಹಿಡಿದು ಅವನಿಗೂ ನಾನೇ ಕಲಿಸಿದೆ.

ಅಂಗಡಿಯಣ್ಣ ನಗಲಿಲ್ಲ. "ಮಷಿನ್‌ಗೆ ಸಾಕು ಅನ್ನಾಕ ಬರಂಗಿಲ್ರಿ ಅವ್ವಾರ," ಎಂದ, ಅಷ್ಟೆ.

ಸಂಬಳದ ದಿನ ಮುದುಕ ಅದರ ಮುಂದಿನಿಂದ ಕದಲುತ್ತಿರಲಿಲ್ಲ. ಬ್ರೆಡ್ಡು ಕೊಳ್ಳುವುದನ್ನೂ ಬಿಟ್ಟ. ಒಂದು ಚಳಿಗಾಲ ಬಾಡಿಗೆ ಕಟ್ಟಲಾಗದೆ ಮನೆ ಖಾಲಿ ಮಾಡಿದನಂತೆ. ಎಲ್ಲಿಗೆ ಹೋದನೋ...

ಸುದ್ದಿ ಕೇಳಿದ ಅಂಗಡಿಯಣ್ಣ ಮಷಿನ್ನು ತೆಗೆಸಿಬಿಟ್ಟ. ಗಿರಾಕಿಗಳು ಎದುರಿನ ಪೆಟ್ರೋಲ್ ಬಂಕಿನ ಮಷಿನ್ನಿಗೆ ಹೋದರು. ಹಾಲು, ಬ್ರೆಡ್ಡು ಕೊಳ್ಳುವುದೂ ಅಲ್ಲೇ ಆಯಿತು. ವರ್ಷ ತುಂಬುವ ಮೊದಲೇ ಅಂಗಡಿ ಮುಚ್ಚಿತು. ಕೊನೆಯ ದಿನ ಅವನು ಕೌಂಟರಿನಿಂದ ಬಿಚ್ಚಿ, ದಾರದ ಸಮೇತ ನಾಣ್ಯವನ್ನು ನನ್ನ ಕೈಗಿಟ್ಟ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು... ಅವನು ತೀರಿಕೊಂಡನೆಂದು ಆಮೇಲೆ ಮಗ ಹೇಳಿದ.

ಇವತ್ತು ಅದೇ ಮಗ ನಾಣ್ಯ ನೋಡಿ ನಕ್ಕ. "ಅಯ್ಯೋ ಅಮ್ಮ, ಈಗ ಲಾಟರಿ ಎಲ್ಲ ಫೋನಲ್ಲೇ. ಕೆರೆಯೋದೂ ಅಲ್ಲೇ."

ಮೊಮ್ಮಗಳು ದಾರ ಹಿಡಿದು ನಾಣ್ಯವನ್ನು ಬಾಯಿಗೆಳೆದುಕೊಂಡಳು. "ಸಾಕು, ಕಂದ," ಎಂದು ಬಿಡಿಸಿಕೊಂಡೆ. ಅವಳು ಹಲ್ಲು ತೋರಿಸಿ ನಕ್ಕಳು. ನನ್ನ ಹೊಟ್ಟೆ ತುಂಬಿತು.

ತಳ್ಳುಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಬಸ್‌ಸ್ಟಾಪಿನವರೆಗೆ ಹೋಗಿಬಂದೆ. ಅಲ್ಲಿ ಚಳಿಯಲ್ಲಿ ನಿಂತವರೆಲ್ಲ ಫೋನಿನ ಮೇಲೆ ಬೆರಳಿಂದ ಉಜ್ಜುತ್ತಿದ್ದರು. ದಾರ ಎಳೆದುಕೊಳ್ಳುವವರು ಯಾರೂ ಇರಲಿಲ್ಲ.