ಕಟ್ಟಿಸಿಕೊಂಡ ಹಲ್ಲು, ಬಾಯಿಬಿಟ್ಟ ಫೋನು

ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಆಕೆಯನ್ನು ಬೀದಿಯವರು ಕರೆಯುತ್ತಿದ್ದುದೇ ರೇಡಿಯೋ ಅಕ್ಕ ಎಂದು. ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಕೂತವರು ಅಲ್ಲಾಡುವಂತಿಲ್ಲ. ಆ ಹೊತ್ತಿನಲ್ಲಿ ಅವರ ಮನೆ ಸುದ್ದಿಯನ್ನೆಲ್ಲ ಹೊರಗೆಳೆದು, ಮುಂದಿನ ಗಿರಾಕಿಗೆ ಬಿಸಿಬಿಸಿಯಾಗಿ ಬಡಿಸುವುದರಲ್ಲಿ ಆಕೆ ಎತ್ತಿದ ಕೈ. ತನ್ನ ಮನೆಯ ಸುದ್ದಿಯನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಹಾಗಾಗಿ ಆಕೆ ಮುಂದಿನ ಹಲ್ಲು ಕಟ್ಟಿಸಿಕೊಂಡದ್ದು ಗಂಡನನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮದುವೆಗೆ ಹೋಗುತ್ತೇನೆಂದು ಅಂಗಡಿಗೆ ಬೀಗ ಹಾಕಿ, ಊರಾಚೆಯ ಹಲ್ಲಿನ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಹೊಸ ಹಲ್ಲು ಸರಿಯಾಗಿ ಕೂರದೆ ಕಾಡಿದಾಗ, ಏನು ಮಾಡಬೇಕೆಂದು ಗುಟ್ಟಾಗಿ ಫೋನಿನಲ್ಲಿ ಹುಡುಕಿದ್ದಳು.

ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಬಾಯಿ ಜೋರಿನ ಬ್ಯಾಂಕ್ ಮೇಡಂ ಕೂತಿದ್ದರು. ಕೂದಲು ಕತ್ತರಿಸುವ ಮಾದರಿಗಳನ್ನು ನೋಡಲೆಂದು ರೇಡಿಯೋ ಅಕ್ಕ ತನ್ನ ಫೋನನ್ನು ಅವರ ಕೈಗೆ ಕೊಟ್ಟಳು. ಚಿತ್ರಗಳ ನಡುವೆ ಒಂದು ಜಾಹೀರಾತು ಹಲ್ಲು ಕಿರಿಯಿತು: 'ಕಟ್ಟಿಸಿದ ಹಲ್ಲು ಅಲ್ಲಾಡುತ್ತಿದೆಯೇ? ನಮ್ಮ ಅಂಟು ಬಳಸಿ!' ಸಾಲದ್ದಕ್ಕೆ ಮ್ಯಾಪಿನದೂ ಒಂದು ವಿಚಾರಣೆ: 'ನೀವು ಹೋಗಿದ್ದ ಹಲ್ಲಿನ ಆಸ್ಪತ್ರೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?'

"ಮದುವೆಗೆ ಹೋಗಿದ್ದೆ ಅಂದ್ರಲ್ಲಾ, ಊಟ ಹೇಗಿತ್ತು? ಅಗಿಯೋಕಾಯ್ತಾ?" ಎಂದರು ಮೇಡಂ.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ನಾದಿನಿಯ ಮುಂದೆ ಆಕೆ ಫೋನನ್ನು ಕುಕ್ಕಿದಳು. "ನನ್ನ ಬಾಯೊಳಗಿನ ವಿಷ್ಯ ಇದಕ್ಕೆ ಯಾಕೆ?"

"ಏನು ಕೇಳಿದ್ರೂ ಓಕೆ ಓಕೆ ಅಂತ ಒತ್ತಿದ್ದು ನೀವೇ ತಾನೇ ಅತ್ತಿಗೆ? ನೋಡಿ, ಈ ಟಾರ್ಚ್ ಆಪ್‌ಗೆ ನಿಮ್ಮ ಫೋನಲ್ಲಿರೋ ನಂಬರೆಲ್ಲ ಬೇಕಂತೆ."

"ದೀಪ ಹಚ್ಚೋಕೆ ನಮ್ಮತ್ತೆ ನಂಬರ್ ಯಾಕೆ? ಅವರು ಇರೋ ಬೆಳಕನ್ನೂ ಆರಿಸೋರು!"

"ನಮ್ಮಮ್ಮನ್ನ ಬಿಟ್ಟು ಮಾತಾಡಿ," ಎನ್ನುತ್ತ ನಾದಿನಿ ಆ ಟಾರ್ಚನ್ನು ಕಿತ್ತುಹಾಕಿದಳು. ಬೇಡದ ಆಪ್‌ಗಳಿಗೆ ಲೊಕೇಶನ್, ಮೈಕ್ ಸಿಗದ ಹಾಗೆ ಮಾಡಿ, ಹುಡುಕಿದ್ದನ್ನೆಲ್ಲ ಅಳಿಸಿದಳು. "ಪೂರ್ತಿ ಬಿಡಲ್ಲ ಈ ಕಂಪನಿಯವರು. ಇಣುಕೋದು ಕಮ್ಮಿ ಆಗುತ್ತೆ ಅಷ್ಟೆ. ಅಲ್ಲ ಅತ್ತಿಗೆ, ನೀವು ಮಾಡೋದೂ ಇದೇ ಕೆಲಸ ಅಲ್ವಾ?"

ರೇಡಿಯೋ ಅಕ್ಕ ಕೆರಳಿದಳು. "ನಾನು ಹೇಳಿದ್ದು ಹಿಡಿಸ್ಲಿಲ್ಲ ಅಂದ್ರೆ ಅಂಗಡಿಗೆ ಬಂದು ನನ್ನ ಜುಟ್ಟು ಹಿಡೀಬಹುದು. ಆ ಕಂಪನಿಯವರ ಜುಟ್ಟು ಎಲ್ಲಿದೆ ಹೇಳು?"

ಬಾಯಲ್ಲಿ ಹಾಗೆಂದರೂ ನಾದಿನಿ ಕೇಳಿದ ಪ್ರಶ್ನೆ ರೇಡಿಯೋ ಅಕ್ಕನನ್ನು ಒಳಗೊಳಗೇ ಕೊರೆಯಿತು. ಕೆಲವು ದಿನಗಳ ನಂತರ ಬ್ಯಾಂಕ್ ಮೇಡಂ ಬಣ್ಣ ಹಚ್ಚಿಸಿಕೊಳ್ಳುತ್ತ ಗಂಡನ ಗೊರಕೆಯ ಕತೆ ತೆಗೆದಾಗ, ಬ್ರಷ್ ಹಿಡಿದ ಕೈ ನಿಲ್ಲಿಸಿ ಕೇಳಿದಳು: "ಇದನ್ನ ಹೊರಗೆ ಹೇಳಬಹುದಾ, ಬೇಡ್ವಾ?"

ಮೇಡಂ ಕಕ್ಕಾಬಿಕ್ಕಿಯಾದರು. "ಅಯ್ಯೋ, ಬೇಡ!"

ರೇಡಿಯೋ ಅಕ್ಕ ಹೇಳಲಿಲ್ಲ. ಹೇಳದೆ ಹೊಟ್ಟೆ ಉಬ್ಬಿ ಪಟ್ಟ ಪಾಡು ಆಕೆಗೇ ಗೊತ್ತು. ಅದೃಷ್ಟಕ್ಕೆ, ಆಮೇಲೆ ಬಂದ ಟೀಚರಮ್ಮ ತಮ್ಮ ಮನೆಯ ಸುದ್ದಿ ತೆಗೆದರು. ಅದೇ ಪ್ರಶ್ನೆ ಹಾಕಿದಾಗ, "ಧಾರಾಳವಾಗಿ ಹೇಳಿ. ನಮ್ಮ ಓರಗಿತ್ತಿ ಕಿವಿಗೆ ಬೀಳೋ ಹಾಗೇ ಹೇಳಿ," ಎಂದರು.

ಆ ಓರಗಿತ್ತಿ ಹುಬ್ಬು ತೀಡಿಸಿಕೊಳ್ಳಲು ಬರುವವರೆಗೆ ರೇಡಿಯೋ ಅಕ್ಕ ಊಟಕ್ಕೂ ಏಳಲಿಲ್ಲ.