ಕೆಂಚಕ್ಕನವರ ಸೀರೆಯ ಬಣ್ಣ

ದಾವಣಗೆರೆಯಲ್ಲಿ ಜಲವರ್ಣ ಹಚ್ಚಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಹಚ್ಚಿದ ಬಣ್ಣವನ್ನು ಕಾಗದಕ್ಕೆ ನೋವಾಗದಂತೆ ಮರಳಿ ಎತ್ತಬಲ್ಲವರು ಎಂದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಶ್ರೀ ಜಂಬಯ್ಯನವರದು. ನಮ್ಮ ಚಿತ್ರಕಲಾ ಶಾಲೆಯಲ್ಲಿ ಮೂರು ದಶಕ ಪಾಠ ಹೇಳಿ ಈ ಮೇ ತಿಂಗಳಲ್ಲಿ ನಿವೃತ್ತರಾದ ಈ ಹಿರಿಯರ ಜೇಬಿನಲ್ಲಿ ಸದಾ ಎರಡು ಕುಂಚಗಳು: ಒಣಗಿದ ಬಣ್ಣವನ್ನು ನೆನೆಸಿ ಸಡಿಲಿಸುವ ಗಿಡ್ಡ ಬಿರುಗೂದಲಿನದೊಂದು, ಅಂಚುಗಳನ್ನು ಮೃದುವಾಗಿಸುವ ಮೆತ್ತನೆಯದೊಂದು.

ನೇತ್ರಾವತಿಯವರು ಮಲೆಬೆನ್ನೂರಿನಿಂದ ಬಸ್ಸಿನಲ್ಲಿ ಬಂದು ಅವರ ಶಿಷ್ಯೆಯಾದವರು, ಮುಂದೆ ಅದೇ ಶಾಲೆಯಲ್ಲಿ ಸಹೋದ್ಯೋಗಿಯಾದವರು. ಮೊದಲ ವರ್ಷ ಚಿತ್ರದ ಆಕಾಶವನ್ನು ಕೆಸರು ಮಾಡಿಕೊಂಡು ಹಾಳೆ ಹರಿಯಹೊರಟಾಗ ಮೇಷ್ಟ್ರು, "ಹರೀಬ್ಯಾಡವ್ವ. ಒಣಗಿದ್ರೇನಾತು, ಎತ್ತಾಕೆ ಬರ್ತೈತೆ" ಎಂದು ತಡೆದು, ಹಗುರವಾಗಿ ಉಜ್ಜಿ, ಹತ್ತಿಬಟ್ಟೆಯಿಂದ ಒತ್ತಿ, ಆ ಕೆಸರಿನೊಳಗಿಂದಲೇ ಒಂದು ಬಿಳಿಮೋಡ ತೆಗೆದುಕೊಟ್ಟರು. ಬುತ್ತಿ ತಾರದ ದಿನ ನಿಟ್ಟುವಳ್ಳಿಯ ತಮ್ಮ ಮನೆಗೆ ಕರೆದೊಯ್ದು ಪತ್ನಿ ಕೆಂಚಕ್ಕನವರ ಕೈಯ ರೊಟ್ಟಿ ಉಣಿಸಿದವರೂ ಅವರೇ.

ಆ ಮನೆಯ ಗೋಡೆಯ ಮೇಲೆ ಮೇಷ್ಟ್ರು ಬರೆದ ಚಿತ್ರವೊಂದಿತ್ತು: ಹರಿಹರದ ಹೊಳೆಯ ಮೆಟ್ಟಿಲ ಮೇಲೆ ಕೂತ ಹೊಸ ಮದುವಣಗಿತ್ತಿ ಕೆಂಚಕ್ಕ, ಮೈಮೇಲೆ ನೀಲಿ ಸೀರೆ. ನೀರಿಗೆ ಒಪ್ಪಲೆಂದು ಮೇಷ್ಟ್ರು ನೀಲಿ ಹಚ್ಚಿದ್ದರು; ಆಕೆ ಉಟ್ಟಿದ್ದ ಬಣ್ಣವೇ ಬೇರೆ. "ನೋಡವ್ವ, ನಾನು ಉಟ್ಟಿದ್ದೊಂದು, ಇವ್ರು ಉಡಿಸಿದ್ದೊಂದು. ಊರ ಮಂದೀದೆಲ್ಲ ಚಿತ್ರ ತಿದ್ತಾರೆ, ನನ್ ಸೀರೆಗೆ ಪುರುಸೊತ್ತಿಲ್ಲ" ಎಂದು ರೊಟ್ಟಿ ಬಡಿಸುತ್ತಲೇ ಆಕೆ ನಗುತ್ತಿದ್ದರು. "ರಿಟೈರ್ ಆಗ್ಲಿ, ಎತ್ತಿ ಹಚ್ತೀನಿ ಬಿಡು" ಎಂಬುದು ಮೇಷ್ಟ್ರ ಸಿದ್ಧ ಉತ್ತರ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನೇತ್ರಾವತಿಯೂ ಸೇರಿ ಛೇಡಿಸುತ್ತಿದ್ದರು.

ಈ ವರ್ಷದ ಶಿವರಾತ್ರಿಯ ಹೊತ್ತಿಗೆ ಕೆಂಚಕ್ಕ ತೀರಿಕೊಂಡರು.

ಶಾಲೆಯ ಬೀಳ್ಕೊಡುಗೆಯ ಮರುದಿನ ಮೇಷ್ಟ್ರು ನೇತ್ರಾವತಿಯವರನ್ನು ಮನೆಗೆ ಕರೆಸಿದಾಗ ಚಿತ್ರ ಚೌಕಟ್ಟು ಬಿಟ್ಟು ಮೇಜಿಗೆ ಇಳಿದಿತ್ತು. ಅವರ ಕೈ ನಡುಗುತ್ತಿತ್ತು; ಒತ್ತು ಹೆಚ್ಚಾದರೆ ಕಾಗದ ಕಿತ್ತುಬರುತ್ತದೆಂದು ನೇತ್ರಾವತಿ ಮಣಿಕಟ್ಟು ಹಿಡಿದರು. ನೀಲಿ ಹಠಮಾರಿ ಬಣ್ಣ. ಮಧ್ಯಾಹ್ನವೆಲ್ಲ ಇಬ್ಬರೂ ನೆನೆಸಿ, ಉಜ್ಜಿ, ಒತ್ತಿದ ಮೇಲೆ ಸೀರೆಯ ಜಾಗ ತಿಳಿಯಾಯಿತು. ಮೇಷ್ಟ್ರು ಬಣ್ಣದ ಪೆಟ್ಟಿಗೆ ತೆರೆದು, ಕುಂಚ ಹಿಡಿದು, ಹಾಗೇ ನಿಂತರು.

"ನೇತ್ರಾ, ಯಾವ ಬಣ್ಣ ಅಂತಿದ್ಲವ್ವ ಅವ್ಳು?"

ನೇತ್ರಾವತಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಮಾತು ಕೇಳಿ ನಕ್ಕವರು ಅದು ಯಾವ ಬಣ್ಣವೆಂದು ಒಮ್ಮೆಯೂ ಕೇಳಿರಲಿಲ್ಲ. ಚಿತ್ರವೇ ಇದೆಯಲ್ಲ ಎಂದು ಹೊಳೆಯ ಬಳಿ ಆ ದಿನ ಯಾರೂ ಫೋಟೊ ತೆಗೆದಿರಲಿಲ್ಲ. ಹಳೆಯ ಸೀರೆಗಳೆಲ್ಲ ತುಂಡಾಗಿ, ಹೊದೆಯುವ ಕೌದಿಯ ಹೊಲಿಗೆ ಸೇರಿದ್ದವು. ಕೌದಿ ಹರವಿದರೆ ಹತ್ತಾರು ಬಣ್ಣ, ಯಾವುದು ಆ ದಿನದ್ದೆಂದು ಹೇಳಬಲ್ಲವರು ಒಬ್ಬರೇ ಇದ್ದರು.

ಚಿತ್ರ ಈಗ ಮತ್ತೆ ಗೋಡೆಯ ಮೇಲಿದೆ, ಸೀರೆಯ ಜಾಗ ಹಾಗೇ ಬಿಟ್ಟು. ಪೂಜ್ಯ ಜಂಬಯ್ಯನವರಿಗೆ ದೇವರು ನೂರು ವರ್ಷ ಕೊಡಲಿ, ಕೈಯ ನಡುಕ ನಿಲ್ಲಿಸಲಿ. ರೊಟ್ಟಿಯ ತಟ್ಟೆಯ ಮುಂದೆ ಕೂತ ಯಾವುದಾದರೂ ಒಂದು ದಿನ ಆ ಬಣ್ಣ ತಾನಾಗಿ ನೆನಪಿಗೆ ಬರಲಿ. ಅವರು ಮುಗಿಸಬೇಕಾದ ಕೆಲಸ ಇನ್ನೂ ಒಂದಿದೆ.